ಮೂಗು ಸವೆದ ಟಾಕ

ಮಂಜು ಇನ್ನೂ ಕರಗಿರಲಿಲ್ಲ. ಹೊಳೆಯ ಕಡೆಯಿಂದ ಎದ್ದು, ಕಬ್ಬಿನ ಮೇಲೆ ಹಾಯ್ದು, ರಾಯಬಾಗದ ಓಣಿಗಳವರೆಗೂ ಬಂದು ಕೂತಿತ್ತು. ಕಿಟಕಿಯಲ್ಲಿ ನಿಂತ ಜ್ಞಾನದೇವನಿಗೆ ಗೇಟು ತೆರೆದ ಸಪ್ಪಳವಷ್ಟೇ ಕೇಳಿತು. ಮುದುಕಿ ರುಕ್ಮವ್ವ ಬರುತ್ತೇನೆಂದು ನಿನ್ನೆಯೇ ಹೇಳಿಕಳಿಸಿದ್ದಳು. ಜೇಬಿನಲ್ಲಿದ್ದ ಹೊಸ ಟಾಕವನ್ನು ಮುಟ್ಟಿ ನೋಡಿಕೊಂಡ.

ಹೋದ ಮಾಘದಲ್ಲಿ ದಿಗ್ಗೇವಾಡಿಯ ಅವಳ ಮನೆಯಲ್ಲಿ, ದೇವರ ಕೋಣೆಯ ಜಗಲಿಯ ಮೇಲೆ ಮೂರ್ತಿಗಳ ಸಾಲಿನಲ್ಲಿ, ಅವಳ ಮಾವ ಸಿದರಾಯನ ಟಾಕ ಕಂಡಿದ್ದ. ಎರಡು ಬೆರಳಗಲದ ಬೆಳ್ಳಿ ತಗಡು, ಅದರಲ್ಲಿ ಉಬ್ಬಿಸಿದ ಸತ್ತ ಹಿರಿಯನ ಮುಖ. ಬೂದಿ ಹಚ್ಚಿ ತೊಳೆದೂ ತೊಳೆದೂ ಕಣ್ಣು ಮೂಗು ಸವೆದುಹೋಗಿದ್ದವು. ಅಷ್ಟು ಚೆಲುವಾದದ್ದನ್ನು ಅವನು ಎಲ್ಲೂ ನೋಡಿರಲಿಲ್ಲ. ಎಂಟು ದಿನಕ್ಕೆಂದು ಕೇಳಿ ತಂದ. ವರ್ಷವಾಯಿತು.

ಮನಸಾರೆ ಪ್ರೀತಿಸಿದ್ದು ಮಾತ್ರ ಗೋಡೆಯ ಮೇಲಿರಬೇಕು ಎಂದು ಕಾಲೇಜಿನ ಹುಡುಗರಿಗೆ ಹೇಳುತ್ತಿದ್ದ. ಅವನ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಹೂವಿಲ್ಲ, ಸಕ್ಕರೆ ಕಾರ್ಖಾನೆಯ ತೊಂಬತ್ತೊಂದರ ಕ್ಯಾಲೆಂಡರೂ ಇಲ್ಲ. ಒಂದು ಕರಿ ಕಂಬಳಿ. ಅದರ ಮೇಲೆ ಊರೂರು ತಿರುಗಿ ಕೂಡಿಸಿದ ಹನ್ನೊಂದು ಟಾಕ, ನಡುವೆ ಸಿದರಾಯ. ದಿನಾ ಅವನನ್ನು ನೋಡುತ್ತ ಚಹಾ ಕುಡಿಯುತ್ತಿದ್ದ. ಇದು ಭಕ್ತಿಯಲ್ಲ ಎಂದು ತನಗೇ ಹೇಳಿಕೊಳ್ಳುತ್ತಿದ್ದ.

ರುಕ್ಮವ್ವ ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ಕೂತಳು.

"ಮೊಮ್ಮಗಳಿಗೆ ಇವತ್ತ ಅರಿಷಿಣ ಐತ್ರಿ ಮಾಸ್ತರ. ಮೊದಲ ಮಾವಗ ಹಚ್ಚಬೇಕು. ಅಂವ ಇಲ್ಲದ ಹುಡಿಗಿಗೆ ಹೆಂಗ ಹಚ್ಚೂದು?"

"ಚಹಾ ತಗೋರಿ ಆಯಿ."

"ಎಂಟ ದಿನ ಅಂದಿದ್ರಿ. ನಿಮ್ಮ ಕಾಲೇಜಿನಾಗ ವಾರಕ್ಕ ಎಷ್ಟ ದಿನಾನೋ!"

ಅವನು ಹೊಸ ಟಾಕ ತೆಗೆದು ಅವಳ ಕೈಯಲ್ಲಿಟ್ಟ. "ಪತ್ತಾರನ ಕಡೆ ಸ್ವಚ್ಛ ಮಾಡಿಸೀನ್ರಿ." ಅಕ್ಕಸಾಲಿಗನಿಂದ ಮಾಡಿಸಿದ ನಕಲು; ಅಳತೆ, ತೂಕ ಎಲ್ಲ ಅದೇ. ಅವಳ ಕಣ್ಣಿಗೆ ಪೊರೆ ಬಂದಿದೆ, ಹೊಸ್ತಿಲಿನಿಂದ ಗೋಡೆ ಕಾಣದು ಎಂದು ಅಂದಾಜು ಮಾಡಿದ್ದ.

ಅವಳು ನೋಡಲೇ ಇಲ್ಲ. ಹೆಬ್ಬೆರಳಾಡಿಸಿದಳು. ಬೆರಳು ಮೂಗಿಗೆ ತಾಗಿ ನಿಂತಿತು.

"ಇಂವ ಯಾರ್ರೀ?"

"ನಿಮ್ಮ ಮಾವ..."

"ನಮ್ಮ ಮಾವಗ ಮೂಗ ಎಲ್ಲೈತ್ರಿ?" ನಕ್ಕಳು. "ನಾ ಲಗ್ನಾಗಿ ಬಂದಾಗ ಇತ್ತು. ನಲವತ್ತ ವರ್ಸ ಅಮಾಸಿಗೊಮ್ಮೆ ತೊಳದೀನಿ. ಗಂಡನ ಮ್ಯಾಲ ಸಿಟ್ಟ ಬಂದ್ರ ಜರಾ ಜೋರ ತಿಕ್ಕತಿದ್ದೆ."

ಎದ್ದು ಒಳಗೆ ಬಂದಳು. ಗೋಡೆಯ ಮೇಲೆ ಒಂದೊಂದೇ ಮುಖ ಮುಟ್ಟುತ್ತ ಹೋಗಿ ನಡುವಿನದರ ಮೇಲೆ ಕೈಯಿಟ್ಟಳು.

"ಅಯ್ಯ, ಇಲ್ಲೇ ಅದಾನಲ್ಲ! ಇಷ್ಟ ಮಂದಿಗೆ ಏನ ಉಣ್ಣಾಕ ಹಾಕ್ತೀರಿ?"

"ಇವನ್ನ ನೋಡಾಕ ಇಟ್ಟೀನ್ರಿ. ಭಾಳ ಪ್ರೀತಿ ನನಗ."

"ಖರೆ. ಇದರಾಗ ನಿಮ್ಮವ್ವ ಯಾವಕಿರಿ?"

ಜ್ಞಾನದೇವನ ತಾಯಿ ಸತ್ತು ಆರು ವರ್ಷ. ಟಾಕ ಮಾಡಿಸೋಣವೆಂದು ತೆಲಸಂಗದಿಂದ ಅಣ್ಣ ಕಾಗದ ಬರೆದಾಗ, ನನಗೆ ನಂಬಿಕೆಯಿಲ್ಲ ಎಂದು ಉತ್ತರಿಸಿದ್ದ. ಈಗ ಅವಳ ಮುಖ ನೆನೆಯಲು ನೋಡಿದ. ಸೀರೆಯ ಅಂಚು ನೆನಪಾಯಿತು. ಮೂಗು ಹೇಗಿತ್ತು?

ಮೊಳೆ ಸಡಿಲಿಸಿ ಸಿದರಾಯನನ್ನು ಬಿಡಿಸಿ ಕೊಟ್ಟ. ಚಳಿಗೆ ಕೂಸನ್ನು ಮುಚ್ಚುವ ಹಾಗೆ ರುಕ್ಮವ್ವ ಸೆರಗಿನ ಚುಂಗಿನಲ್ಲಿ ಸುತ್ತಿಕೊಂಡಳು. ಬೈಗುಳವಿಲ್ಲ. ಹೊಸದನ್ನು ಅವನ ಅಂಗೈಯಲ್ಲಿಟ್ಟಳು.

"ಇದು ನಿಮ್ದರಿ. ನಮ್ಮನಿಯಾಂವ ಅಲ್ಲ."

ಗೇಟಿನಾಚೆ ಮಂಜು ಅವಳನ್ನು ತೆಗೆದುಕೊಂಡಿತು. ಅಂಗೈಯಲ್ಲಿ ಚೂಪು ಮೂಗು, ಅಗಲ ತೆರೆದ ಕಣ್ಣು. ಯಾರ ಮನೆಯಲ್ಲೂ ಸತ್ತಿರದ ಒಬ್ಬ ಹಿರಿಯ. ಜ್ಞಾನದೇವ ಹೆಬ್ಬೆರಳಿಟ್ಟು ತಿಕ್ಕಿದ. ಮತ್ತೆ ತಿಕ್ಕಿದ.

ಮೂಗು ಹಾಗೇ ಇತ್ತು.