ಚಕ್ರದಡಿಯ ನಿಂಬೆಹಣ್ಣು

ಚಕ್ರಪಾಣಿಯವರು ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದವರು. ನಿವೃತ್ತಿಯಾದದ್ದು ನೌಕರಿಯಿಂದ ಮಾತ್ರ. ಜಯನಗರದ ಮನೆಯಲ್ಲಿ ಹೆಂಡತಿ ಸೀತಮ್ಮ ಗ್ಯಾಸ್ ಹಚ್ಚಬೇಕಾದರೂ ಅವರ ಉಪದೇಶ ಕೇಳಬೇಕಿತ್ತು.

ಮಂಡಿ ಸವೆದು ಎಂಟು ತಿಂಗಳಿಂದ ಸೀತಮ್ಮ ಪಾರ್ಕಿನ ಮುಖ ಕಂಡಿರಲಿಲ್ಲ. ಅಲ್ಲಿನ ಕಲ್ಲುಬೆಂಚಿನ ಮೇಲೆ ಗೆಳತಿಯರ ಜೊತೆ ಸ್ವಲ್ಪ ಹೊತ್ತು ಕೂತು ಬರುವುದೊಂದೇ ಅವರ ಆಸೆ. "ಕೈ ಹಿಡ್ಕೊಂಡು ನಿಧಾನಕ್ಕೆ ಕರ್ಕೊಂಡ್ಹೋಗ್ರೀ, ಸಾಕು" ಎಂದರೆ ಗಂಡನಿಗೆ ಪುರುಸೊತ್ತಿಲ್ಲ. ಹೆಂಡತಿಗೋಸ್ಕರ ಗಾಡಿ ಮಾಡುತ್ತಿದ್ದರಲ್ಲ!

ಮೊಮ್ಮಗಳು ಧೃತಿ ಮೇಲೆ ನಿಂತು ಆಡಿ ಬಿಟ್ಟ ಹೋವರ್‌ಬೋರ್ಡಿನ ಮೋಟಾರು ಚಕ್ರ, ಮೂಲೆಯಲ್ಲಿದ್ದ ಕುರ್ಚಿ, ಹ್ಯಾಂಡಲ್ಲಿಗೊಂದು ವೇಗ ಏರಿಳಿಸುವ ಥ್ರಾಟಲ್, ಎಲ್ಲ ಕೂಡಿಸಿದ್ದಾಯಿತು. ಆದರೆ ಮೋಟಾರಿಗೆ ಅಪ್ಪಣೆ ಕೊಡುವ ಬೋರ್ಡಿಗೆ ಥ್ರಾಟಲ್ಲಿನ ಭಾಷೆ ತಿಳಿಯದು. ಅದರಲ್ಲಿರುವ ಕಂಪನಿಯ ಫರ್ಮ್‌ವೇರ್ ಎಂಬ ಪ್ರೋಗ್ರಾಮನ್ನು ಅಳಿಸಿ ಬೇರೆಯದನ್ನು ತುಂಬಬೇಕು, ಅಂದರೆ ಫ್ಲ್ಯಾಶ್ ಮಾಡಬೇಕು. ಒಮ್ಮೆ ಅಳಿಸಿದರೆ ಹಳೆಯದು ಮತ್ತೆ ಸಿಗುವುದಿಲ್ಲ.

ಎಂಜಿನಿಯರಿಂಗ್ ಓದುತ್ತಿದ್ದ ಧೃತಿ ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಬಂದಳು. ಅಂಗಳದಲ್ಲಿ ತಾತನ ಸಿದ್ಧತೆ ಕಂಡು ದಂಗಾದಳು. ನೆಲಕ್ಕೆ ರಬ್ಬರ್ ಮ್ಯಾಟ್, ಕೈಗೆ ಗವಸು, ಪಕ್ಕದಲ್ಲಿ ಮರಳಿನ ಬಕೆಟ್, ಗೋಡೆಯ ಮೇಲೆ ಹದಿನಾಲ್ಕು ಎಚ್ಚರಿಕೆಗಳ ಪಟ್ಟಿ. ಚಕ್ರ ನೆಲ ಮುಟ್ಟದಂತೆ ಗಾಡಿಯನ್ನು ಇಟ್ಟಿಗೆಗಳ ಮೇಲೆ ಏರಿಸಿಯಾಗಿತ್ತು. ಕಾಫಿ ತಂದ ಸೀತಮ್ಮನಿಗೂ "ಹೆಲ್ಮೆಟ್ ಎಲ್ಲೇ?" ಎಂದು ಗದರಿದರು.

ಒಂದೊಂದು ವೈರನ್ನೂ ಎರಡೆರಡು ಸಲ ನೋಡಿ ಧೃತಿ ಕೆಲಸ ಮುಗಿಸುವ ಹೊತ್ತಿಗೆ ಗಂಟೆ ಹತ್ತು ಇಪ್ಪತ್ತಾಗಿತ್ತು.

"ಫ್ಲ್ಯಾಶ್ ಆಯ್ತು ತಾತ. ಇನ್ನು ಥ್ರಾಟಲ್ ಸೆಟ್ ಮಾಡ್ಬೇಕು. ಚಕ್ರ ಮೇಲೇ ಇರ್ಲಿ, ಗಾಳೀಲಿ ತಿರುಗ್ಸಿ ನೋಡೋಣ. ಅರ್ಧ ಗಂಟೆ ಅಷ್ಟೆ."

"ಹತ್ತೂವರೆಗೆ ರಾಹುಕಾಲ ಕಣೇ! ಅಷ್ಟರೊಳಗೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸ್ಬಿಡ್ಬೇಕು."

"ಮೊದ್ಲು ಚಕ್ರ ಎತ್ತಿಟ್ಟೇ ಪರೀಕ್ಷೆ ಮಾಡ್ಬೇಕು ಅಂತ ನಿಮ್ಮ ಪಟ್ಟೀಲೇ ಇದೆಯಲ್ಲ ತಾತ..."

"ಪಟ್ಟಿ ಬರ್ದೋನು ನಾನು. ಪೂಜೆ ಮಾಡ್ದೆ ಗಾಡಿ ಓಡ್ಸಿದ್ರೆ ಆಕ್ಸಿಡೆಂಟ್ ಆಗತ್ತೆ."

ಆಕ್ಸಿಡೆಂಟ್ ಆಗಬಾರದೆಂದು ಇಟ್ಟಿಗೆ ತೆಗೆದರು. ಕುಂಕುಮ, ಹೂವು, ಆರತಿ, ಒಂದೊಂದು ಚಕ್ರದಡಿ ಒಂದೊಂದು ನಿಂಬೆಹಣ್ಣು. ಸೀತಮ್ಮ ಹತ್ತಲು ಬಂದರೆ "ಮೊದ್ಲು ನಾನು" ಎಂದು ಕೂತು ಬಟನ್ ಒತ್ತಿದರು. ಥ್ರಾಟಲ್ ಮುಟ್ಟುವ ಮೊದಲೇ ಗಾಡಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಹಿಂದಕ್ಕೆ ನುಗ್ಗಿ ಕಾಂಪೌಂಡಿಗೆ ಗುದ್ದಿತು. ಧೃತಿ ಓಡಿಹೋಗಿ ಬ್ಯಾಟರಿ ಕಿತ್ತಳು. ಸುರಕ್ಷತಾ ಅಧಿಕಾರಿಗಳ ಕಾಲು ಮುರಿದಿತ್ತು.

"ಸದ್ಯ, ರಾಹುಕಾಲಕ್ಕೆ ಮುಂಚೆನೇ ಆಯ್ತು" ಎಂದು ನರಳಿದರು.

ಮಾರನೆಯ ದಿನ ಧೃತಿ ಗಾಡಿಯನ್ನು ಮತ್ತೆ ಇಟ್ಟಿಗೆ ಮೇಲಿಟ್ಟು, ಥ್ರಾಟಲ್ ಸೆಟ್ ಮಾಡಿ, ನಡಿಗೆಯ ವೇಗಕ್ಕೆ ಮಿತಿ ಹಾಕಿದಳು. ಗಾಡಿ ಸೊಗಸಾಗಿ ಓಡಿತು. ಕೂತದ್ದು ಪ್ಲಾಸ್ಟರ್ ಹಾಕಿಸಿಕೊಂಡವರು. ಆರು ವಾರಕ್ಕೆ ಪ್ಲಾಸ್ಟರ್ ಇಳಿಯಿತು, ಅವರು ಮಾತ್ರ ಇಳಿಯಲಿಲ್ಲ.

ದಿನಾ ಸಂಜೆ ಪಾರ್ಕಿಗೆ ಸವಾರಿ. ಹಿಂದೆ ಸೀತಮ್ಮ, ಒಂದು ಕೈಯಲ್ಲಿ ಕುರ್ಚಿಯ ಬೆನ್ನು, ಇನ್ನೊಂದರಲ್ಲಿ ಗಂಡನ ನೀರಿನ ಬಾಟಲಿ. ಪಾರ್ಕಿನಲ್ಲಿ ಜನ ಮುತ್ತಿಕೊಂಡರೆ ಚಕ್ರಪಾಣಿಯವರು ಅರಳುವರು. "ಸೇಫ್ಟಿ ಮುಖ್ಯ ನೋಡಿ. ಇವಳಿಗೋಸ್ಕರ ಮಾಡಿದ್ದು."

"ಪುಣ್ಯ ಮಾಡಿದೀರ, ಎಂಥ ಗಂಡ!" ಎಂದರು ಒಂದು ಸಂಜೆ ಬೆಂಚಿನ ಮೇಲಿದ್ದ ಗೆಳತಿ ಭಾಗ್ಯಜ್ಯೋತಿ. ಸೀತಮ್ಮನಿಗೆ ಮೈ ಉರಿಯಿತು. ಮಂಡಿ ಒತ್ತಿಕೊಂಡು ಆಗಷ್ಟೇ ಬೆಂಚಿಗೆ ಒರಗಿದ್ದರು.

"ಸೀತಾ, ಚಾರ್ಜ್ ಮುಗೀತು ಕಣೇ. ಮನೆವರೆಗೂ ತಳ್ಳು ಬಾ."

ಸೀತಮ್ಮ ಏಳಲಿಲ್ಲ.

"ನಾನೀಗ ತಾನೇ ಕೂತಿದೀನಿ. ನೀವೂ ಅಲ್ಲೇ ಕೂತಿರಿ" ಎಂದು ಗೆಳತಿಯ ಕಡೆ ತಿರುಗಿ ಮಾತು ಶುರುವಿಟ್ಟುಕೊಂಡರು.