ಲಗಮಣ್ಣನ ದೋಣಿ ಭಾವಮೈದುನನ ದಾರಿ ಹಿಡಿದದ್ದು

ಅಕ್ಕಂದಿರೇ, ಅಣ್ಣಂದಿರೇ, ಹೊಳೆ ದಾಟಿ ದುಡಿಯಲು ಹೋಗುವವರ ಪಾಡು ನಿಮಗೇನೂ ಹೊಸದಲ್ಲ. ನಮ್ಮ ರಾಯಬಾಗದ ಕಡೆಯ ದಂಡೆಯಲ್ಲಿ ನಿಂತರೆ ಕೃಷ್ಣೆಯ ಆಚೆಗೆ ಶಿರಗುಪ್ಪಿ ಕಡೆಯ ಕಬ್ಬಿನ ಗದ್ದೆ ಕಣ್ಣೆದುರಿಗೇ ಇದೆ. ಅಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು ಬರುತ್ತದೆ. ಆದರೆ ಬಸ್ಸು ಹಿಡಿದು ಸೇತುವೆ ಸುತ್ತಿ ಹೋಗಿ ನೋಡಿ, ಬುತ್ತಿ ಬಿಚ್ಚುವ ಹೊತ್ತಿಗೆ ಹೊಲ ಮುಟ್ಟುತ್ತೀರಿ. ಹಾಗಾಗಿ ನಮ್ಮೂರಿನವರಿಗೆ ಲಗಮಣ್ಣನ ಮೋಟಾರು ದೋಣಿಯೇ ಗತಿ.

ಲಗಮಣ್ಣ ಹಟಮಾರಿ, ಆದರೆ ನೀರಿನಲ್ಲಿ ಪಳಗಿದ ಅಂಬಿಗ. ಕಳೆದ ಮಳೆಗಾಲದಲ್ಲಿ ದಂಡೆಯ ಕೆಸರಿನಲ್ಲಿ ಜಾರಿ ಬಿದ್ದು ಬಲಭುಜ ನೋಯಿಸಿಕೊಂಡ. ಚುಕ್ಕಾಣಿ ಹಿಡಿದು ಜಗ್ಗುವುದನ್ನು ಕಡಿಮೆ ಮಾಡು, ಇಲ್ಲವೇ ದೋಣಿ ಬಿಡು ಎಂದು ಅಥಣಿಯ ಡಾಕ್ಟರು ಹೇಳಿದರು. ಅವನು ದೋಣಿ ಬಿಟ್ಟರೆ ಊರು ಏನು ಮಾಡಬೇಕು? ದೋಣಿ ಸಂಘದವರು ಮಾತಾಡಿಕೊಂಡು ಅವನ ದೋಣಿಗೆ ಆಟೋಪೈಲಟ್ ಹಾಕಿಸಿದರು.

ಹೆಸರು ಕೇಳಿ ಗಾಬರಿಯಾಗಬೇಡಿ. ಚುಕ್ಕಾಣಿಯ ಹಿಡಿಕೆಗೆ ಜೋಡಿಸಿದ ಒಂದು ಮೋಟಾರಿನ ತೋಳು, ಅದಕ್ಕೆ ದಿಕ್ಕು ಹೇಳುವ ಒಂದು ದಿಕ್ಸೂಚಿ ಡಬ್ಬಿ, ಅಷ್ಟೇ. ಹೋಗಬೇಕಾದ ದಿಕ್ಕಿನ ಅಂಕಿ ಇಟ್ಟು 'ಆಟೋ' ಬಟನ್ ಒತ್ತಿದರೆ, ದೋಣಿಯ ಮೂತಿ ಆ ಕಡೆ ಈ ಕಡೆ ತಿರುಗಿದಾಗೆಲ್ಲ ತೋಳು ಚುಕ್ಕಾಣಿಯನ್ನು ತಳ್ಳಿ ಸರಿಮಾಡುತ್ತದೆ. 'ಸ್ಟ್ಯಾಂಡ್‌ಬೈ' ಬಟನ್ ಒತ್ತಿದರೆ ಅದು ಸುಮ್ಮನಾಗಿ ಚುಕ್ಕಾಣಿಯನ್ನು ನಮ್ಮ ಕೈಗೆ ಬಿಡುತ್ತದೆ.

ಇದನ್ನು ಜೋಡಿಸಿ ಕಲಿಸಿದವಳು ನಿಪ್ಪಾಣಿಯ ನೀಲಮ. ಡಬ್ಬಿಯನ್ನು ಅಂಬಿಗನ ಸೀಟಿನ ಕೆಳಗೆ ಮಳೆನೀರು ತಾಗದಂತೆ ಕೂರಿಸಿದಳು.

"ಕಾಕಾ, ಇದಕ್ಕ ದಿಕ್ಕಷ್ಟ ಗೊತ್ತು. ಮುಂದ ಏನ ಬಂದೈತಿ ಅಂತ ಗೊತ್ತಾಗೂದಿಲ್ಲ. ನೋಡೂ ಕೆಲಸ ನಿಮ್ಮದ. ದಂಡಿ ಹತ್ರ ಬಂದಾಗ ಸ್ಟ್ಯಾಂಡ್‌ಬೈ ಒತ್ತಿ ಕೈಲೇ ನಡಸ್ರಿ. ಡಬ್ಬಿ ಹತ್ರ ಕಬ್ಬಿಣದ ಸಾಮಾನ ಇಡಬ್ಯಾಡ್ರಿ."

ಲಗಮಣ್ಣ ಹೂಂ ಹೂಂ ಎಂದ. ಅಕ್ಷತೆ ಹಿಡಿದು ನಿಂತವರು ಮಂತ್ರ ಕೇಳುತ್ತಾರಲ್ಲ, ಹಾಗೆ ಕೇಳಿದ.

ಮೊದಮೊದಲು ಎಲ್ಲ ಸಸೂತ್ರವಾಗಿ ನಡೆಯಿತು. ದೋಣಿ ದಾರ ಹಿಡಿದಂತೆ ನೆಟ್ಟಗೆ ಹೋಯಿತು. ಲಗಮಣ್ಣನ ಭುಜಕ್ಕೆ ಆರಾಮ ಸಿಕ್ಕಿತು, ಬಾಯಿಗೆ ಬಿಡುವು ಸಿಕ್ಕಿತು. ಅವನು ಬಟನ್ ಒತ್ತಿ, ಚುಕ್ಕಾಣಿ ಬಿಟ್ಟು ಮುಂದೆ ಬಂದು, ಹೊಳೆಗೆ ಬೆನ್ನು ಮಾಡಿ ಕೂತು, ಪ್ರಯಾಣಿಕರಿಗೆ ಕತೆ ಹೇಳತೊಡಗಿದ. ಚಹದ ಥರ್ಮಾಸೂ ಬಂತು.

ಆಚೆ ದಂಡೆಗೆ ದಿನಾ ಬೆಲ್ಲದ ವ್ಯಾಪಾರಕ್ಕೆ ಹೋಗುವ ಬಾಹುಬಲಿ ಕಾಕಾ ಮಾತ್ರ ಮುದುರಿಕೊಂಡು ಕೂತಿದ್ದರು.

"ಲಗಮಣ್ಣಾ, ನೀ ಇಲ್ಲಿ ಬಂದ ಕುಂತಿ. ಚುಕ್ಕಾಣಿ ಯಾರ ಹಿಡದಾರ?"

"ಮಶೀನ ಐತ್ರಿ ಕಾಕಾ."

"ಮಶೀನಿಗಿ ಈಜ ಬರತೈತೇನ?"

"ಅದಕ್ಯಾಕ ಈಜ ಬರಬೇಕ್ರಿ?"

"ಅದಕ್ಕ ಬ್ಯಾಡೋ ಮಾರಾಯಾ. ನನಗ ಬರೂದಿಲ್ಲ, ಅದಕ ಕೇಳಿದೆ."

ಎಲ್ಲರೂ ನಕ್ಕರು. ಲಗಮಣ್ಣನೂ ನಕ್ಕ, ಆದರೆ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ಕಬ್ಬಿನ ಸುಗ್ಗಿ ಬಂತು. ನಮ್ಮೂರ ಲಕ್ಷ್ಮಿಬಾಯಿಯ ಟೋಳಿ, ಅಂದರೆ ಕೂಲಿಯವರ ಗುಂಪು, ಬೆಳಿಗ್ಗೆ ಆಚೆ ದಂಡೆಗೆ ಕಬ್ಬು ಕಡಿಯಲು ಹೊರಡತೊಡಗಿತು. ದೋಣಿ ಕಟ್ಟುವ ನಮ್ಮ ಘಾಟಿನಲ್ಲಿ ಹಿಂದಿನಿಂದ ಒಂದು ರೂಢಿ ಇದೆ. ಕಬ್ಬು ಕಡಿಯುವ ಕೊಯ್ತಾವನ್ನು ಯಾರೂ ಕೈಯಲ್ಲಿ ಹಿಡಿದು ದೋಣಿಯಲ್ಲಿ ಕೂರುವಂತಿಲ್ಲ. ಹತ್ತುವಾಗಲೇ ಅಂಬಿಗನಿಗೆ ಒಪ್ಪಿಸಬೇಕು, ಇಳಿಯುವಾಗ ಇಸಿದುಕೊಳ್ಳಬೇಕು. ಅಂಬಿಗ ಅವನ್ನೆಲ್ಲ ಒಂದು ಚೀಲಕ್ಕೆ ತುಂಬಿ ತನ್ನ ಸೀಟಿನ ಕೆಳಗೆ ಇಡುತ್ತಾನೆ. ಲಗಮಣ್ಣನ ಅಪ್ಪನೂ ಹಾಗೇ ಇಡುತ್ತಿದ್ದ, ಲಗಮಣ್ಣನೂ ಹಾಗೇ ಇಟ್ಟ. ಅವನು ಆಟೋ ಒತ್ತಿ ಮುಂದೆ ಬಂದು ಕೂತು ಕತೆ ಶುರುಮಾಡಿದ.

ಅಂದಿನ ಕತೆ ಮೊಸಳೆಯದು. ಮೊಸಳೆ ದೋಣಿಯ ಅಡಿಗೆ ಬಂದು ಒಮ್ಮೆ ಮೆಲ್ಲಗೆ ನೂಕಿತು ಎಂದು ಅವನು ಹೇಳುವುದಕ್ಕೂ ದೋಣಿಯ ಮೂತಿ ಏನಕ್ಕೋ ಮೆಲ್ಲಗೆ ಒತ್ತುವುದಕ್ಕೂ ಸರಿಹೋಯಿತು. ಬಾಹುಬಲಿ ಕಾಕಾ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡರು. ಲಗಮಣ್ಣ ತಿರುಗಿ ನೋಡಿದರೆ ಒಂದು ಎಮ್ಮೆ. ಅದರ ಹಿಂದೆ ಇನ್ನಷ್ಟು ಎಮ್ಮೆ. ಅವುಗಳ ನಡುವೆ ಸೊಂಟದ ಮಟ್ಟ ನೀರಲ್ಲಿ, ಹುಲ್ಲಿನ ಸಿಂಬೆ ಹಿಡಿದು ಎಮ್ಮೆಯ ಮೈ ತಿಕ್ಕುತ್ತ ನಿಂತ ಬೀರದೇವ.

ಬೀರದೇವ ಯಾರು ಅಂತೀರಾ? ಲಗಮಣ್ಣನ ಹೆಂಡತಿ ಚನ್ನವ್ವನ ತಮ್ಮ. ಆಚೆ ದಂಡೆಯಲ್ಲೇ, ನಮ್ಮ ಘಾಟಿನಿಂದ ತುಸು ಮೇಲಕ್ಕೆ ಅವನ ಊರು. ಲಗಮಣ್ಣನ ಮಗಳು ಪ್ರಾಜಕ್ತಾಳ ಮದುವೆಯಲ್ಲಿ ಅವನು ಪಂಕ್ತಿಯಲ್ಲಿ ಕೂತು, "ದಾಜಿ, ಹೋಳಿಗಿ ಭಾರಿ ಆಗ್ಯಾವ, ಆದ್ರ ಕಟ್ಟಿನ ಸಾರಿನಾಗ ಹೊಳಿ ತಳ ಕಾಣಾಕತ್ತೈತಿ" ಎಂದುಬಿಟ್ಟಿದ್ದ. ದಾಜಿ ಎಂದರೆ ನಮ್ಮ ಕಡೆ ಅಕ್ಕನ ಗಂಡ. ಬೀಗರೆಲ್ಲ ನಕ್ಕರು. ಅಂದಿನಿಂದ ಲಗಮಣ್ಣ ಅವನ ಜೊತೆ ಮಾತು ಬಿಟ್ಟಿದ್ದ. ಒಂದು ಸಾರಿನ ಮಾತಿಗೆ ಎರಡು ಮನೆಯ ಹೋಗಿಬರುವಿಕೆ ನಿಂತಿತ್ತು ನೋಡಿ.

"ಬರ್ರಿ ದಾಜಿ, ಬರ್ರಿ," ಎಂದ ಬೀರದೇವ. "ಮದುವಿ ಆದ ಮ್ಯಾಲ ಈ ಹಾದೀನ ಮರತಿದ್ರಿ."

ಲಗಮಣ್ಣ ಮುಖ ಗಂಟಿಕ್ಕಿದ. "ನಾ ಬಂದಿಲ್ಲ. ದೋಣಿ ಬಂದೈತಿ."

ಮರುದಿನವೂ ದೋಣಿ ಬೀರದೇವನ ಎಮ್ಮೆಗಳ ಕಡೆಗೇ ಹೊರಟಿತು. ಟೋಳಿಗೆ ರಜೆ ಇದ್ದ ದಿನ ನೆಟ್ಟಗೆ ಹೋಯಿತು. ಟೋಳಿ ಬಂದ ದಿನ ಮತ್ತೆ ಎಮ್ಮೆ. ದೋಣಿಗೆ ಬೀಗರ ಮನೆಯ ಊಟದ ರುಚಿ ಹತ್ತಿದೆ ಎಂದರು ಬಾಹುಬಲಿ ಕಾಕಾ. ಲಗಮಣ್ಣನ ಸಂಶಯ ಮಾತ್ರ ಹೆಂಡತಿಯ ಮೇಲೇ ಇತ್ತು.

"ಖರೇ ಹೇಳ. ಆ ನೀಲಮಗ ಹೇಳಿ ಮಶೀನಿನ್ಯಾಗ ನಿನ್ನ ತವರಿನ ನಂಬರ ಹಾಕಿಸೀಯೇನ?"

ಚನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ತವರಿಗಿ ಹೋಗಾಕ ನಂಬರ ಯಾಕ ಬೇಕ್ರಿ? ನಿಮ್ಮ ಮಾರಿ ಸಡ್ಲ ಆದ್ರ ಸಾಕು. ಮಗಳ ಕುಬಸ ಬಂತು. ಸೋದರಮಾವನ್ನ ಬಿಟ್ಟ ಹೆಂಗ ಮಾಡ್ತೀರಿ?"

"ಆಂವನ ಹೆಸರ ತಗೀಬ್ಯಾಡ."

ಪ್ರಾಜಕ್ತಾಳ ಗಂಡನ ಮನೆಯೂ ಆಚೆ ದಂಡೆಯಲ್ಲೇ. ಬಸುರಿ ಮಗಳಿಗೆ ಅಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ತನ್ನ ದೋಣಿಯಲ್ಲೇ ಕೂರಿಸಿಕೊಂಡು ತವರಿಗೆ ಕರೆತರಬೇಕು ಎಂಬುದು ಲಗಮಣ್ಣನ ದೊಡ್ಡ ಆಸೆ. ಮಗಳು ಹುಟ್ಟಿದಾಗಿನಿಂದ ಆ ದೋಣಿಯಲ್ಲೇ ಆಡಿ ಬೆಳೆದವಳು.

ಇಲ್ಲಿಯತನಕ ನಕ್ಕಿರಿ, ಈಗ ಸ್ವಲ್ಪ ಕೇಳಿ. ಕುಬಸದ ಸೀರೆ ತರಲು ಚನ್ನವ್ವನೂ ದೋಣಿ ಹತ್ತಿದ ದಿನ ಟೋಳಿ ದೊಡ್ಡದಿತ್ತು, ಸೀಟಿನ ಕೆಳಗಿನ ಚೀಲವೂ ದೊಡ್ಡದಿತ್ತು. ಲಗಮಣ್ಣ ಎಂದಿನಂತೆ ಬೆನ್ನು ತಿರುಗಿಸಿ ಚಹ ಬಗ್ಗಿಸುತ್ತಿದ್ದ. ಚನ್ನವ್ವ ಮುಂದೆ ನೋಡಿದಳು. ಹೊಲಗಳಿಗೆ ನೀರೆತ್ತುವ ಜಾಕವೆಲ್ಲಿನ ಸಿಮೆಂಟು ಗೋಡೆ ನೇರವಾಗಿ ಮೈಮೇಲೆ ಬರುತ್ತಿತ್ತು.

"ರೀ, ಗೋಡಿ," ಎಂದು ಕೂಗಿದಳು.

ಲಗಮಣ್ಣ ಓಡಿ ಬಂದು ಚುಕ್ಕಾಣಿ ಹಿಡಿದು ಜಗ್ಗಿದ. ಅವನು ಈ ಕಡೆ ಜಗ್ಗಿದರೆ ಮಶೀನು ಆ ಕಡೆ ತಳ್ಳಿತು. ಸ್ಟ್ಯಾಂಡ್‌ಬೈ ಒತ್ತಬೇಕೆಂಬುದು ಅವನ ತಲೆಗೆ ಬರಲೇ ಇಲ್ಲ. ನೋವಿನ ಭುಜ, ಮೋಟಾರಿನ ತೋಳು, ಇಬ್ಬರದೂ ಕುಸ್ತಿ. ಕೊನೆಗೆ ಲಕ್ಷ್ಮಿಬಾಯಿ ಎದ್ದು ಇಂಜಿನ್ನಿನ ಚಾವಿ ತಿರುಗಿಸಿ ಬಂದ್ ಮಾಡಿದಳು. ದೋಣಿ ಗೋಡೆಗೆ ಉಜ್ಜಿಕೊಂಡು, ಬಣ್ಣ ಕಳೆದುಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಚಹವೆಲ್ಲ ಬಾಹುಬಲಿ ಕಾಕಾನ ಬಿಳಿ ಧೋತರದ ಮೇಲಿತ್ತು. ಆದರೂ ಯಾರೂ ನಗಲಿಲ್ಲ.

ಚನ್ನವ್ವ ಗಂಡನ ಕಡೆ ತಿರುಗಿದಳು. "ನನ್ನ ಮಗಳನ್ನ ಈ ದೋಣ್ಯಾಗ ನಾ ಹತ್ತಸೂದಿಲ್ಲ," ಎಂದಳು. ಲಗಮಣ್ಣನಿಗೂ ಭಯವಾಗಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು.

ಸಂಘದವರು ಫೋನ್ ಮಾಡಿ ನೀಲಮಳನ್ನು ಕರೆಸಿದರು. ಅವಳು ಬೆಳಿಗ್ಗೆಯೇ ಬಂದು ಖಾಲಿ ದೋಣಿ ನಡೆಸಿ ನೋಡಿದಳು. ದೋಣಿ ಶಾಣ್ಯಾ ಹುಡುಗನಂತೆ ನೆಟ್ಟಗೆ ಹೋಗಿ ನೆಟ್ಟಗೆ ಬಂತು.

"ನೋಡ್ದಿ? ಎಲ್ಲಾ ಸರಿ ಐತಿ," ಎಂದ ಲಗಮಣ್ಣ.

"ನಿನ್ನಿ ಗೋಡೀಗೂ ಹಂಗ ಹೇಳಬೇಕಿತ್ತು," ಎಂದಳು ಚನ್ನವ್ವ.

ಅಷ್ಟರಲ್ಲಿ ಲಕ್ಷ್ಮಿಬಾಯಿಯ ಟೋಳಿ ಬಂತು. ಒಬ್ಬೊಬ್ಬರೇ ಕೊಯ್ತಾ ಒಪ್ಪಿಸಿದರು. ಲಗಮಣ್ಣ ಚೀಲ ತುಂಬಿ ಸೀಟಿನ ಕೆಳಗೆ ಧೊಪ್ಪೆಂದು ಇಟ್ಟ. ಮಶೀನಿನ ಪರದೆಯನ್ನೇ ನೋಡುತ್ತಿದ್ದ ನೀಲಮ ಹುಬ್ಬು ಗಂಟಿಕ್ಕಿದಳು.

"ಕಾಕಾ, ದೋಣಿ ಗೂಟಕ್ಕ ಕಟ್ಟೈತಿ. ಅಲ್ಲಾಡಿಲ್ಲ. ದಿಕ್ಕಿನ ಅಂಕಿ ಯಾಕ ಓಡಾಕತ್ತಾವ? ಆ ಚೀಲ ಹೊರಗ ತಗೀರಿ."

ತೆಗೆದ. ಅಂಕಿ ಮೊದಲಿನಂತಾಯಿತು. ಇಟ್ಟ. ಮತ್ತೆ ಓಡಿತು. ಬಾಹುಬಲಿ ಕಾಕಾ ತಾವೂ ಒಮ್ಮೆ ತೆಗೆದು ಇಟ್ಟು ನೋಡಿದರು. ಆಮೇಲೆ ಊರಿನವರೆಲ್ಲ ಸರತಿಯಲ್ಲಿ ತೆಗೆದು ಇಟ್ಟು ನೋಡಿದರು.

"ದಿಕ್ಸೂಚಿಗಿ ಕಬ್ಬಿಣ ಹತ್ರ ಬಂದ್ರ ದಿಕ್ಕ ತಪ್ಪತೈತಿ," ಎಂದಳು ನೀಲಮ. "ಅದು ತಪ್ಪ ದಿಕ್ಕನ ಸರಿ ಅಂತ ತಿಳದ ದೋಣಿ ತಿರಗಸತೈತಿ. ಕಬ್ಬಿಣ ಇಡಬ್ಯಾಡ್ರಿ ಅಂದಿದ್ದೆ. ಆದ್ರ ಸೀಟಿನ ಕೆಳಗ ಏನೇನ ಇಡ್ತೀರಿ ಅಂತ ಕೇಳಲಿಲ್ಲ, ಅದು ನನ್ನ ತಪ್ಪ."

ಲಗಮಣ್ಣ ತಲೆ ಕೆರೆದುಕೊಂಡ. "ಕೊಯ್ತಾನೂ ಕಬ್ಬಿಣ ಅನ್ನೂದು ನನಗ ಹೊಳೀಲೇ ಇಲ್ಲ. ಕೊಯ್ತಾ ಅಂದ್ರ ಕೊಯ್ತಾ ಅಂತ ಇಟ್ಟೆ."

ಲಕ್ಷ್ಮಿಬಾಯಿಗೆ ಬೇರೆ ಚಿಂತೆ. "ಹಂಗಾರ ರೂಢಿ ಬಿಡೂದೇನ್ರಿ? ಅಂಬಿಗನ ಹತ್ರನ ಇಡಬೇಕಂತ ಹಿರ್ಯಾರು ಹೇಳ್ಯಾರ."

"ಯಾಕ ಹೇಳ್ಯಾರ ಅಕ್ಕಾ?"

"ದೋಣಿ ಹೊಯ್ದಾಡಿದ್ರ ಯಾರಿಗೂ ತಾಗಬಾರದಂತ."

"ಮತ್ತ ಆ ಮುಂದಿನ ತುದಿಗೆ ಒಂದ ಕಟಗೀ ಪೆಟಗಿ ಮಾಡಿ ಅದ್ರಾಗ ಇಟ್ರೂ ತಾಗೂದಿಲ್ಲಲ್ಲ? ರೂಢಿ ಇರ್ಲಿ, ಜಾಗಾ ಅಷ್ಟ ಬದಲ ಮಾಡ್ರಿ."

ಲಕ್ಷ್ಮಿಬಾಯಿ ಒಪ್ಪಿದಳು. ಆಮೇಲೆ ನೀಲಮ ಲಗಮಣ್ಣನ ಕಡೆ ತಿರುಗಿದಳು. "ದಿಕ್ಕ ತಪ್ಪಿಸಿದ್ದು ಕೊಯ್ತಾ. ಆದ್ರ ಗೋಡೀತನಾ ಒಯ್ದದ್ದು ನಿಮ್ಮ ಬೆನ್ನ, ಕಾಕಾ. ಮುಂದ ನೋಡಕೋತ ಕುಂತಿದ್ರ ದೋಣಿ ಎಮ್ಮೀನೂ ಮುಟ್ಟತಿರಲಿಲ್ಲ. ಇದಕ್ಕ ಕೈ ಐತಿ, ಕಣ್ಣಿಲ್ಲ."

ಲಗಮಣ್ಣ ಈ ಸಲ ಹೂಂ ಎನ್ನಲಿಲ್ಲ. ಸುಮ್ಮನೆ ತಲೆಯಾಡಿಸಿದ, ಅದೇ ನಿಜವಾದ ಹೂಂ.

ಸ್ಟ್ಯಾಂಡ್‌ಬೈ ಒತ್ತುವುದು ದೋಣಿಯಲ್ಲಿ ಇನ್ನೊಬ್ಬರಿಗಾದರೂ ಬರಬೇಕು ಎಂದು ನೀಲಮ ಚನ್ನವ್ವನನ್ನು ಕೂರಿಸಿ ಕಲಿಸಿದಳು. ಚನ್ನವ್ವ ಒತ್ತಿದಳು. ಚುಕ್ಕಾಣಿಯನ್ನು ತಳ್ಳುತ್ತಿದ್ದ ತೋಳು ತಕ್ಷಣ ಗಪ್ಪಾಯಿತು. ಅವಳು ಮತ್ತೊಮ್ಮೆ ಆಟೋ ಮಾಡಿಸಿ ಮತ್ತೊಮ್ಮೆ ಒತ್ತಿದಳು.

"ಎಷ್ಟ ಚಂದ ಸುಮ್ಮನ ಆಗತೈತಿ," ಎಂದಳು. "ಇವರಿಗೂ ಒಂದ ಇಂಥಾದ ಬರತೈತೇನವಾ?"

ಕುಬಸದ ದಿನ ದೋಣಿಯ ಯಜಮಾನಿಕೆ ಚನ್ನವ್ವನದೇ ಆಯಿತು. ಸ್ಟೀಲಿನ ಪಾತ್ರೆ, ಈಳಿಗೆ, ಟ್ರಂಕು ಎಲ್ಲ ಮೂತಿಯ ತುದಿಗೆ ಹೋದವು. ಬಾಹುಬಲಿ ಕಾಕಾ ಹಾಡು ಕೇಳಲು ತಂದಿದ್ದ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ ಎಂದು ಅದನ್ನೂ ಕಳಿಸಿದಳು. ಲಗಮಣ್ಣ ಬಟನ್ ಒತ್ತಿ ತನ್ನ ಸೀಟಿನಲ್ಲೇ ಕೂತ. ಕಣ್ಣು ಹೊಳೆಯ ಮೇಲಿತ್ತು. ದೋಣಿ ನೆಟ್ಟಗೆ ಹೋಗುತ್ತಿತ್ತು.

ನಡು ಹೊಳೆಯಲ್ಲಿ ಚನ್ನವ್ವ ಒಮ್ಮೆ ತನ್ನ ತವರಿನ ಘಾಟಿನ ಕಡೆ ನೋಡಿದಳು. ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು. ಲಗಮಣ್ಣ ಅದನ್ನು ನೋಡಿದ. ಸ್ವಲ್ಪ ಹೊತ್ತು ಮೀಸೆ ತಿರುವಿದ. ಆಮೇಲೆ ಸ್ಟ್ಯಾಂಡ್‌ಬೈ ಒತ್ತಿ, ಎಡಗೈಯಲ್ಲಿ ಮೆಲ್ಲಗೆ ಚುಕ್ಕಾಣಿ ತಿರುಗಿಸಿದ. ದೋಣಿ ಬೀರದೇವನ ಊರಿನ ಕಡೆ ಹೊರಳಿತು.

ಚನ್ನವ್ವ ಗಾಬರಿಯಾದಳು. "ಏನ್ರಿ, ಮತ್ತ ಕೆಟ್ಟತೇನ?"

"ಮಶೀನ ಬರೋಬ್ಬರಿ ಐತಿ. ನೀ ಸುಮ್ಮನ ಕೂಡ."

ಎಮ್ಮೆಗಳು ರೂಢಿಯಂತೆ ತಾವೇ ದಾರಿ ಬಿಟ್ಟವು. ಬೀರದೇವ ಮೈಯೆಲ್ಲ ಒದ್ದೆಯಾಗಿ ನಿಂತಿದ್ದ.

"ಏನ ದಾಜಿ, ಇವತ್ತೂ ದೋಣೀನ ಬಂತೇನ?"

"ಇಲ್ಲಪಾ," ಎಂದ ಲಗಮಣ್ಣ. "ಇವತ್ತ ನಾ ಬಂದೀನಿ. ಲಗೂನ ಅಂಗಿ ಹಾಕ್ಕೊಂಡ ಬಾ, ನಿಮ್ಮಕ್ಕನ ಮಗಳ ಕುಬಸ ಐತಿ. ಕಟ್ಟಿನ ಸಾರು ಗಟ್ಟಿ ಮಾಡಿಸೀವಿ."

ಆ ಸಂಜೆ ಬಿಸಿಲಿರುವಾಗಲೇ ಪ್ರಾಜಕ್ತಾ ತವರಿಗೆ ಹೊರಟಳು. ಹಸಿರು ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲು ಜಾಕೀಟು ತೊಡಿಸಿ, ಕೈ ಹಿಡಿದು ದೋಣಿ ಹತ್ತಿಸಿದವಳು ಬೇರೆ ಯಾರೂ ಅಲ್ಲ, ಚನ್ನವ್ವನೇ.

ಈಗ ನಿಮಗೊಂದು ಮಾತು. ನಿಮ್ಮ ದೋಣಿಗೂ ಆಟೋಪೈಲಟ್ ಬಂದರೆ ಬೇಡ ಎನ್ನಬೇಡಿ, ಅದು ಭುಜ ಉಳಿಸುತ್ತದೆ. ಆದರೆ ಹೊರಡುವ ಮುಂಚೆ ದಿಕ್ಸೂಚಿ ಡಬ್ಬಿಯ ಸುತ್ತ ಕೈಯಾಡಿಸಿ ನೋಡಿ. ಕೊಯ್ತಾ, ಕೊಡಲಿ, ಸ್ಪೀಕರು ಏನೇ ಇರಲಿ, ದೂರ ಸರಿಸಿ. ಚುಕ್ಕಾಣಿ ಬಿಟ್ಟು ಏಳಬೇಡಿ. ದಂಡೆ, ಬಾಂದಾರದ ಒಡ್ಡು, ಜಾಕವೆಲ್, ಮೀನಿನ ಬಲೆ, ಎದುರು ದೋಣಿ ಕಂಡರೆ ಮೊದಲು ಸ್ಟ್ಯಾಂಡ್‌ಬೈ, ಆಮೇಲೆ ಕೈ. ಆ ಬಟನ್ ಎಲ್ಲಿದೆ ಎಂದು ದೋಣಿಯಲ್ಲಿ ಇನ್ನೊಬ್ಬರಿಗೂ ತೋರಿಸಿಡಿ. ಪ್ರಯಾಣಿಕರೇ, ನೀವೂ ಕೇಳಿ. ಅಂಬಿಗ ಹೊಳೆಗೆ ಬೆನ್ನು ತಿರುಗಿಸಿ ಕತೆ ಶುರುಮಾಡಿದರೆ, ಕತೆ ದಂಡೆ ಮುಟ್ಟಿದ ಮೇಲೆ ಹೇಳಪ್ಪ ಎನ್ನಿ. ನಿಮ್ಮ ಮನೆಯ ಮಗಳೂ ಅದೇ ದೋಣಿಯಲ್ಲಿ ಬರುತ್ತಾಳೆ.