ಕಂಕುಳ ಕೆಂಪು

ನಿರೂಪಕನ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಗಿಡ್ಡ, ಜಾಸ್ತಿಯೇನಲ್ಲ, ಅರ್ಧ ಇಂಚು ಇದ್ದೀತು, ಆದರೆ ಅವನು ಮೈಕಿನ ಮುಂದೆ ಒಂದೊಂದು ಹೆಜ್ಜೆ ಇಟ್ಟಾಗಲೂ ಎಡಗಡೆಯ ಕಾಲುಚೀಲ ಇಣುಕಿ ನೋಡಿ ಒಳಗೆ ಹೋಗುತ್ತದೆ, ಯಾರು ಹೊಲಿದದ್ದೋ ಪುಣ್ಯಾತ್ಮರು, ಮಡಿಕೆ ಬಿಚ್ಚಿ ಇಳಿಸಿದರೆ ಐದು ನಿಮಿಷದ ಕೆಲಸ, ಬಾರಪ್ಪ ಈ ಕಡೆ ಅಂತ ಅವನನ್ನು ಪರದೆಯ ಹಿಂದೆ ಎಳೆದುಕೊಂಡು ಹೋದರೆ ಆ ನೆಪದಲ್ಲಿ ಇಲ್ಲಿಂದ ತಪ್ಪಿಸಿಕೊಳ್ಳಬಹುದು — ಎಲ್ಲಿ ತಪ್ಪಿಸಿಕೊಳ್ಳುವುದು, ಪಕ್ಕದಲ್ಲೇ ನಿರ್ದೇಶಕ ಲಟಲಟ ಬೆರಳು ಮುರಿಯುತ್ತ ಕೂತಿದ್ದಾನೆ, ಅವನ ಪುಟ್ಟ ನಾಟಕ ತಂಡಕ್ಕೆ ವಿಮರ್ಶಕರ ಬಹುಮಾನಗಳಲ್ಲಿ ಈ ವರ್ಷ ಉಳಿದಿರುವುದು ಒಂದೇ ಆಸೆ, ಅದೂ ವೇಷ ಹೊಲಿದ ಅವಳ ಕತ್ತರಿಯ ಮೇಲೆ, ಗೆದ್ರೆ ಏನು ಮಾತಾಡ್ತೀಯ, ಯೋಚ್ನೆ ಮಾಡಿದೀಯಾ, ಅನ್ನುತ್ತಾನೆ, ಇಲ್ಲ, ಮಾಡಿಲ್ಲ, ಅವಳ ಯೋಚನೆಯೆಲ್ಲ ಎರಡು ಸಾಲು ಮುಂದೆ ಕಂಬದ ಪಕ್ಕ ಕಾಣುವ ಆ ಬಿಗಿ ತುರುಬಿನ ಸುತ್ತ, ಎರಡೇ ಪಿನ್ನಿನಲ್ಲಿ ನಿಲ್ಲುವ ತುರುಬು, ಇಡೀ ಊರಿನಲ್ಲಿ ಹಾಗೆ ಕಟ್ಟುವವಳು ಒಬ್ಬಳೇ, ಅಕ್ಕ. ಒಳಗೆ ಬರುವಾಗ ಅಕ್ಕ ಅವಳನ್ನು ನೋಡಿದಳು, ನೋಡದವಳ ಹಾಗೆ ಬಾಗಿಲಿನ ಹೂಕುಂಡ ನೋಡಿದಳು, ಅವಳೂ ಏನು ಕಮ್ಮಿ, ಅದೇ ಹೂಕುಂಡವನ್ನೇ ನೋಡಿದಳು.

ಈ ವಿಮರ್ಶಕರದು ಎಲ್ಲದಕ್ಕೂ ಎರಡೆರಡು ಬಹುಮಾನ, ನಟನೆಗೆ ಎರಡು, ನಿರ್ದೇಶನಕ್ಕೆ ಎರಡು, ಬೆಳಕಿಗೆ ಎರಡು, ವೃತ್ತಿಪರ ಕಂಪನಿಗಳಿಗೊಂದು, ಸ್ವತಂತ್ರ ತಂಡಗಳಿಗೊಂದು, ಯಾರಿಗೂ ಹೊಟ್ಟೆಯುರಿ ಬೇಡ ಅಂತ, ವಸ್ತ್ರವಿನ್ಯಾಸಕ್ಕೆ ಮಾತ್ರ ಇಬ್ಬರಿಗೂ ಸೇರಿ ಒಂದೇ, ಯಾಕೆಂದರೆ ಊರಿಗೆಲ್ಲ ನಾಟಕಕ್ಕೆ ಹೊಲಿಯುವವರು ಬೆರಳೆಣಿಕೆಯಷ್ಟು, ಅವರನ್ನೂ ಎರಡು ಗುಂಪು ಮಾಡಿದರೆ ಸೋಲುವುದಕ್ಕೆ ಜನ ಸಾಲುವುದಿಲ್ಲ. ಈ ವರ್ಷದವರೆಗೆ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ವರ್ಷ ದೊಡ್ಡ ಕಂಪನಿಯಲ್ಲಿ ಅಕ್ಕ ಒಬ್ಬ ರಾಣಿಗೆ ನಿಲುವಂಗಿ ಹೊಲಿದಳು, ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಇವಳು ಒಬ್ಬ ನರ್ಸಿಗೆ ಸಮವಸ್ತ್ರ ಹೊಲಿದಳು, ನಾಟಕ ಬೇರೆ, ಕಾಲ ಬೇರೆ, ಅಲ್ಲಿ ರೇಷ್ಮೆ, ಇಲ್ಲಿ ಹಳೇ ಬೆಡ್‌ಶೀಟು, ಆದರೆ ರಾಣಿ ಶಾಪ ಹಾಕಲು ಕೈ ಎತ್ತಿದಾಗ ಕಂಕುಳಲ್ಲಿ ಕೆಂಪು ಮಿಂಚಿತು, ನರ್ಸು ಹಾಸಿಗೆಯ ಮೇಲಿನ ದೀಪ ಆರಿಸಲು ಕೈ ಎತ್ತಿದಾಗಲೂ ಮಿಂಚಿತು, ಅದೇ ಕೆಂಪು, ಅದೇ ಚೌಕ ತುಂಡು. ಎರಡನ್ನೂ ಒಂದೇ ವಾರ ನೋಡಿದ ಹಿರಿಯ ವಿಮರ್ಶಕ — ಎಂಥ ನಾಟಕಕ್ಕೂ ಆಕಳಿಸುವ ಅವನಿಗೆ ಗ್ರೀನ್ ರೂಮುಗಳಲ್ಲಿ ಆಕಳಿಕೆ ಅಂತಲೇ ಹೆಸರು — ಆ ಎರಡು ಸಲ ಮಾತ್ರ ಅದು ಹೇಗೋ ಕಣ್ಣು ಬಿಟ್ಟಿದ್ದ, ಒಂದೇ ಕಂಕುಳು ಎರಡು ರಂಗದ ಮೇಲೆ, ಯಾರದನ್ನು ನೋಡಿ ಯಾರು ಕತ್ತರಿಸಿದರೋ ಕತ್ತರಿಗೇ ಗೊತ್ತು ಅಂತ ಬರೆದ, ಒಂದೇ ಸಾಲು, ಬೆಂಕಿ ಹಚ್ಚಿ ಮತ್ತೆ ಆಕಳಿಸಲು ಹೋದ. ಅವತ್ತೇ ಅಕ್ಕನ ಫೋನು, ನೀನು ನಮ್ಮ ರಿಹರ್ಸಲ್‌ಗೆ ಬಂದಿದ್ದೆ ಅಲ್ವಾ, ಬಂದಿದ್ದೆ, ನಿಂಗೆ ದಾರದ ರೀಲು ಕೊಡೋಕೆ ಬಂದಿದ್ದೆ, ಹಾಂ, ಕೊಟ್ಟು ಹಾಗೇ ಕಣ್ಣಾಡಿಸ್ಕೊಂಡು ಹೋದೆ, ಅಕ್ಕಾ, ಏನು ಹೇಳ್ತಿದೀಯ ಅಂತ ಗೊತ್ತಾ ನಿಂಗೆ, ನಾನೇನೂ ಹೇಳ್ತಿಲ್ಲಮ್ಮ, ಊರೇ ಹೇಳ್ತಿದೆ, ಓಹೋ, ಹಾಗಾದ್ರೆ ಅಮ್ಮ ನಿನ್ನೊಬ್ಬಳಿಗೇ ಕಲಿಸಿದ್ಲಾ — ಫೋನ್ ಮೊದಲು ಇಟ್ಟದ್ದು ಯಾರು, ಅಕ್ಕನೋ ತಾನೋ, ಎಷ್ಟು ಸಲ ನೆನಪಿಸಿಕೊಂಡರೂ ಒಮ್ಮೆ ಅಕ್ಕ, ಒಮ್ಮೆ ತಾನು. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ.

ಬೆಳಕಿನ ಬಹುಮಾನ ಕೊಡುತ್ತಿದ್ದಾರೆ, ಚಪ್ಪಾಳೆ, ಅವಳೂ ತಟ್ಟುತ್ತಾಳೆ. ಅಮ್ಮ ಶಾಲೆಯ ಮಕ್ಕಳ ನಾಟಕಗಳಿಗೆ ಹೊಲಿಯುತ್ತಿದ್ದಳು, ಬಟ್ಟೆ ಯಾವತ್ತೂ ಗೇಣುದ್ದ ಕಡಿಮೆಯೇ, ಮಕ್ಕಳು ಕೈ ಎತ್ತಿದರೆ ಪರ್ರನೆ ಹರಿಯುತ್ತಿತ್ತು, ಅದಕ್ಕೇ ಕಂಕುಳಿಗೆ ಬೇರೊಂದು ತುಂಡು, ಹೇಗೂ ಬೇರೆ ಬಣ್ಣವೇ ಸಿಗುವುದು ಅಂದಮೇಲೆ ಕೆಂಪೇ ಇರಲಿ, ಯಾರಿಗೂ ಕಾಣದ ಜಾಗದಲ್ಲಿ ಬಣ್ಣ ಇಡ್ಬೇಕು ಕಣ್ರೇ, ಕೈ ಎತ್ತಿದಾಗ ನೋಡೋರಿಗೆ ಏನೋ ಆಗ್ಬೇಕು, ಏನಾಯ್ತು ಅಂತ ಮಾತ್ರ ಗೊತ್ತಾಗ್ಬಾರ್ದು, ಮಿಷನ್ನಿನ ಆ ಕಡೆ ಅಕ್ಕ ಈ ಕಡೆ ತಾನು, ಇಬ್ಬರೂ ತಲೆಯಾಡಿಸುತ್ತಿದ್ದರು. ನರ್ಸಿನ ತೋಳು ಕತ್ತರಿಸುವಾಗ ಅವಳು ಅಮ್ಮನನ್ನು ನೆನೆಸಿಕೊಂಡಿರಲೇ ಇಲ್ಲ, ಕೈ ತಾನೇ ಹೋಗಿ ಕೆಂಪು ತುಂಡು ಎತ್ತಿಕೊಂಡಿತು, ಅಕ್ಕನ ಕೈಯೂ ಹಾಗೇ ಹೋಗಿರಬೇಕು, ಇಷ್ಟನ್ನೇ ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಸಿಟ್ಟು ಬಂದಾಗ ನಾಲಿಗೆ ಎಲ್ಲಿ ನಿಲ್ಲುತ್ತದೆ. ಈಗ ಅಕ್ಕ ಗೆದ್ದರೆ ಕೆಂಪು ಅಕ್ಕನದು, ಕದ್ದವಳು ತಾನು, ನಾಳೆಯಿಂದ ಯಾವ ತಂಡ ಕರೆಯುತ್ತದೆ, ತಾನು ಗೆದ್ದರೆ ಕದ್ದವಳು ಅಕ್ಕ, ಆಮೇಲೆ ಅಕ್ಕ ಈ ಜನ್ಮದಲ್ಲಿ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಗೆದ್ದರೆ ಅಕ್ಕ ಹೋದಳು, ಸೋತರೆ ಮಾನ ಹೋಯಿತು. ಮಾನ ಹೋದರೆ ಹೋಗಲಿ, ಬೇಡ, ಅದೂ ಹೋಗದಿರಲಿ, ದೇವರೇ, ಈ ಕಟ್ಟಡದ ಕರೆಂಟಾದರೂ ಹೋಗಬಾರದೇ.

ವಸ್ತ್ರವಿನ್ಯಾಸ, ಅನ್ನುತ್ತಾನೆ ನಿರೂಪಕ, ಕೊಡುವುದಕ್ಕೆ ಆಕಳಿಕೆಯೇ ಬಂದಿದ್ದಾನೆ, ಬೇರೆ ಯಾರೂ ಸಿಗಲಿಲ್ಲವೇ ಇವರಿಗೆ, ಪರದೆಯ ಮೇಲೆ ನಾಟಕಗಳ ತುಣುಕು, ರಾಣಿ ಕೈ ಎತ್ತಿದಳು, ನರ್ಸು ಕೈ ಎತ್ತಿದಳು, ಸಭೆಯಲ್ಲಿ ಗುಸುಗುಸು, ತುರುಬು ಅಲುಗಲಿಲ್ಲ, ಆಕಳಿಕೆ ಲಕೋಟೆಯನ್ನು ಉಗುರಿನಲ್ಲಿ ಕೆರೆಯುತ್ತಾನೆ, ಹರಿಯಯ್ಯ, ಹರಿ, ಅವನು ಒಂದು ಹೆಸರು ಓದಿದ, ಅವಳದಲ್ಲ — ಅಕ್ಕನದೂ ಅಲ್ಲ — ಹಿಂದಿನ ಸಾಲಿನಿಂದ ಒಬ್ಬ ಉದ್ದನೆಯ ಮನುಷ್ಯ ಎದ್ದು ನಿಂತ, ಅಯ್ಯೋ, ಪಟ್ಟಿಯಲ್ಲಿ ಮೂರನೆಯವನೊಬ್ಬ ಇದ್ದ, ಒಂದು ಸಂಸಾರ ಅಡುಗೆಮನೆಯಲ್ಲಿ ಜಗಳವಾಡುವ ನಾಟಕದವನು, ಅವನನ್ನು ಇಡೀ ಊರೇ ಮರೆತುಬಿಟ್ಟಿತ್ತಲ್ಲ. ಅವನು ಮೈಕು ಹಿಡಿದು ನಾಚುತ್ತಾನೆ, ನಾನೇನೂ ಹೊಲಿದಿಲ್ಲ ಸಾರ್, ನಟರು ಮನೇಲಿ ಹಾಕೋ ಬಟ್ಟೇಲೇ ಬಂದ್ರು, ನಾನು ಇಸ್ತ್ರಿ ಮಾಡ್ದೆ ಅಷ್ಟೇ, ಅದ್ರಲ್ಲೂ ಒಂದನ್ನ ಸುಟ್ಟೆ — ಅವಳ ಮೂಗಿನಿಂದ ಗೊರ್ರ್ ಅಂತ ನಗು ಹೊರಗೆ ಬಿತ್ತು, ಅಮ್ಮನ ನಗು, ಹಂದಿಮರಿಯ ಹಾಗೆ, ಅಪ್ಪ ನಾಲ್ಕು ಜನರ ಮುಂದೆ ನಗಬೇಡ ಅನ್ನುತ್ತಿದ್ದ ನಗು, ಅದೇ ಹೊತ್ತಿಗೆ ಎರಡು ಸಾಲು ಮುಂದೆ ಕಂಬದ ಪಕ್ಕದಿಂದಲೂ ಗೊರ್ರ್. ತುರುಬು ತಿರುಗಿತು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ, ಕಣ್ಣಲ್ಲಿ ನೀರು, ಇವಳಿಗೂ ನೀರು, ಎದೆಯ ಮೇಲಿಂದ ಯಾರೋ ಹೊಲಿಗೆ ಮಿಷನ್ನನ್ನೇ ಎತ್ತಿಕೊಂಡು ಹೋದ ಹಾಗೆ ಹಗುರ, ಸೋತದ್ದಕ್ಕೆ ಇಷ್ಟು ಸಂತೋಷವಾಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ, ಮೋಸ ಆಯ್ತು ಬಿಡು ಅನ್ನುತ್ತಿದ್ದಾನೆ ನಿರ್ದೇಶಕ, ಹೌದು ಹೌದು, ಎಂಥ ಒಳ್ಳೇ ಮೋಸ ಅನ್ನಬೇಕೆನ್ನಿಸಿತು.

ಹೊರಗಿನ ಪಡಸಾಲೆಯಲ್ಲಿ ಜನ, ಕಾಫಿ ಲೋಟಗಳು, ನಿಂಗೇ ಬರ್ಬೇಕಿತ್ತು ಅನ್ನುವವರು, ಅವರಿಗೆಲ್ಲ ಹ್ಞೂಂ ಹ್ಞೂಂ ಅನ್ನುತ್ತ ಅವಳು ತುರುಬು ಹುಡುಕುತ್ತಿದ್ದಾಳೆ, ಸಿಕ್ಕರೆ ಏನು ಹೇಳುವುದು, ತಪ್ಪಾಯಿತು ಅನ್ನುವುದೇ, ತಪ್ಪು ಯಾರದೂ ಅಲ್ಲವಲ್ಲ, ಅಮ್ಮನ ಕೈ, ಅಕ್ಕಾ, ಅಮ್ಮನ ಕೈಯೇ ನಮ್ಮಿಬ್ಬರನ್ನೂ — ತಿರುಗು ಆ ಕಡೆ, ಬೆನ್ನ ಹಿಂದೆ ದನಿ, ನಟರಿಗೆ ಹೇಳುವ ಅದೇ ಅಧಿಕಾರದ ದನಿ, ಭುಜದ ಮೇಲೆ ಕೈ, ಅವಳು ತಿರುಗಿ ನಿಂತಳು, ಬೆಲೆ ಚೀಟಿ ಕತ್ತಿಂದ ಇಣುಕ್ತಿದೆ ಕಣೇ, ಇಡೀ ಸಾಯಂಕಾಲ ಹೀಗೇ ಕೂತಿದ್ಯಾ, ರೆಡಿಮೇಡ್ ತಗೊಂಡ್ಯಾ, ನೀನು, ಹ್ಞೂಂ, ಹೊಲ್ಕೊಳ್ಳೋಕೆ ಟೈಮೆಲ್ಲಿತ್ತು, ಸರಿ ಬಿಡು, ಬಹುಮಾನ ಬರೋ ಬಟ್ಟೆನೇ ಹಾಕಿದೀಯ, ಮತ್ತೆ ಗೊರ್ರ್, ಇಬ್ಬರಿಗೂ, ಯಾರೋ ತಿರುಗಿ ನೋಡಿದರು, ನೋಡಲಿ. ಅಲ್ಲಾಡ್ಬೇಡ, ಅಂದಳು ಅಕ್ಕ, ಆಮೇಲೆ ದನಿ ತಗ್ಗಿಸಿ, ನಿನ್ನ ನರ್ಸಿನ ಕಂಕುಳೇ ಚೆನ್ನಾಗಿ ಕೂತಿತ್ತು, ನಂದು ಎಳೀತಿತ್ತು, ಮೊದಲ ದಿನವೇ ನೋಡ್ದೆ, ಹೇಳ್ಲಿಲ್ಲ. ನೀನು ನನ್ನ ನಾಟಕಕ್ಕೆ ಬಂದಿದ್ಯಾ, ಯಾವಾಗ ಬಂದೆ, ಎಲ್ಲಿ ಕೂತಿದ್ದೆ, ಎಲ್ಲವನ್ನೂ ಕೇಳಬೇಕು, ಅವಳು ಬಾಯಿ ತೆರೆದಳು, ಆದರೆ ಕತ್ತರಿ ಇಲ್ಲ, ಅಕ್ಕ ಬಗ್ಗಿದ್ದಾಳೆ, ಕತ್ತಿನ ಹಿಂಭಾಗಕ್ಕೆ ಬೆಚ್ಚನೆ ಉಸಿರು, ಚೀಟಿಯ ದಾರಕ್ಕೆ ಹಲ್ಲು ತಾಗಿದೆ, ಕೇಳಬೇಕಾದದ್ದೆಲ್ಲ ಅಲ್ಲೇ ನಿಂತಿದೆ, ಕಾಫಿ, ಜನ, ನಿರ್ದೇಶಕ, ಎಲ್ಲ ನಿಂತಿವೆ, ಉಸಿರು, ಹಲ್ಲು, ದಾರ, ಅಕ್ಕನ ಹಲ್ಲು, ದಾರ ಇನ್ನೂ ಕಡಿದಿಲ್ಲ, ಅಕ್ಕನ ಉಸಿರು